ಎಣ್ಣೆ ಬಂದಾಗ ಕಣ್ಣು ಮುಚ್ಚುವವರು

“ಯಾವ ಎಣ್ಣೆ ಹಾಕ್ಲಿ ಸಾ, ನಾರ್ಮಲ್ಲೋ ಸಿಂಥೆಟಿಕ್ಕೋ?”

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಯಾವ ಗ್ಯಾರೇಜಿಗೆ ಹೋದರೂ ಬಾನೆಟ್ ಎತ್ತುವ ಮೊದಲೇ ಬರುವ ಪ್ರಶ್ನೆ ಇದು. ಪ್ರಶ್ನೆಯ ಹೊಟ್ಟೆಯಲ್ಲೇ ಉತ್ತರವೂ ಇರುತ್ತದೆ. ನಾರ್ಮಲ್ ಎಂದಿರೋ, ನೀವು ಜುಗ್ಗರು. ಸಿಂಥೆಟಿಕ್ ಎಂದಿರೋ, ಗಾಡಿಯನ್ನು ಮಕ್ಕಳಂತೆ ಸಾಕುವವರು. ಕಳೆದ ಮಳೆಗಾಲದಲ್ಲಿ, ಚೆಂಡುಹೂವಿನ ಹೊಲಗಳ ಮುಂದೆ ಕೇರಳದ ಕಾರುಗಳು ಸಾಲುಗಟ್ಟಿದ್ದ ಹೊತ್ತಿನಲ್ಲಿ, ನನ್ನ ಹದಿನೈದು ವರ್ಷದ ಪುಟ್ಟ ಪೆಟ್ರೋಲ್ ಕಾರನ್ನು ಅಂಥದೊಂದು ಗ್ಯಾರೇಜಿನಲ್ಲಿ ನಿಲ್ಲಿಸಿ “ನಾರ್ಮಲ್ಲೇ ಹಾಕಪ್ಪ” ಅಂದೆ. ಪಕ್ಕದಲ್ಲಿ ಹಳದಿ ಬೋರ್ಡಿನ ಟ್ಯಾಕ್ಸಿಗೆ ಒರಗಿ ಟೀ ಕುಡಿಯುತ್ತಿದ್ದ ಡ್ರೈವರ್ ಹುಡುಗ ನನ್ನನ್ನು ಕನಿಕರದಿಂದ ನೋಡಿದ.

“ಎಣ್ಣೇಲಿ ಲೆಕ್ಕ ನೋಡ್ಬ್ಯಾಡಿ ಸಾ. ನಾನು ಫುಲ್ ಸಿಂಥೆಟಿಕ್ಕೇ ಹಾಕ್ಸದು. ಹಾಕ್ಸಿ ಮರ್ತುಬುಡ್ತೀನಿ.”

ಆ ‘ಮರ್ತುಬುಡ್ತೀನಿ’ ನನಗೆ ಹಿಡಿಸಲಿಲ್ಲ. “ಗೇಜ್ ಕಡ್ಡಿ ಎಳೆದು ನೋಡಿ ಎಷ್ಟು ದಿನ ಆಯ್ತಪ್ಪ?” ಅಂತ ಕೇಳಿದೆ. “ಲೈಟ್ ಬಂದ್ರೆ ನೋಡದು ಸಾ” ಅಂದ. ಮೇಸ್ತ್ರಿ ನಗುತ್ತಲೇ ಅವನ ಗಾಡಿಯ ಕಡ್ಡಿ ಎಳೆದು, ಬನಿಯನ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ ಎಳೆದ. ಮೇಲಿನ ಗುರುತಿನ ಮಾತಿರಲಿ, ಕೆಳಗಿನ ಗುರುತಿಗೂ ಎಣ್ಣೆ ಮುಟ್ಟಿರಲಿಲ್ಲ. ಕಡ್ಡಿಯ ತುದಿಯಲ್ಲಿ ಒಂದೇ ಒಂದು ಕಪ್ಪು ತೊಟ್ಟು ತೂಗುತ್ತಿತ್ತು. ಆ ಗಾಡಿ ಅಂದು ಮಧ್ಯಾಹ್ನ ಮಸಿನಗುಡಿಯ ಮೇಲೆ ಊಟಿಗೆ ಹೊರಟಿತ್ತು. ಕಲ್ಹಟ್ಟಿ ಘಾಟಿ, ಮೂವತ್ತಾರು ಹೇರ್‌ಪಿನ್ ತಿರುವು.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂಬ ಗಾದೆಯನ್ನು ಈ ಹುಡುಗನಿಗೆಂದೇ ಕಟ್ಟಿದಂತಿದೆ. ಆದರೆ ಕಣ್ಣು ಮುಚ್ಚಿಕೊಂಡವನು ಅವನೊಬ್ಬನೇ ಅಲ್ಲ. ದುಬಾರಿ ಎಣ್ಣೆ ಸುರಿದರೆ ಎಂಜಿನ್ನಿನ ಋಣ ತೀರಿತು ಎಂಬ ನಂಬಿಕೆ ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ ಬಾಡಿಗೆ ಗಾಡಿಯವರು, ಮೇಷ್ಟ್ರುಗಳು, ಅರಿಸಿನದ ದುಡ್ಡಿನಲ್ಲಿ ಹೊಸ ಕಾರು ಕೊಂಡ ರೈತರು ಎಲ್ಲರಲ್ಲೂ ಬೇರೂರಿದೆ. ಈ ನಂಬಿಕೆಯೇ ಎಂಜಿನ್ನಿಗೆ ಶತ್ರು ಎನ್ನುವುದು ನನ್ನ ವಾದ. ನಾರ್ಮಲ್ಲೋ ಸಿಂಥೆಟಿಕ್ಕೋ ಎಂಬ ಜಗಳವೇ ತಪ್ಪು ಜಗಳ. ಎಂಜಿನ್ ನಮ್ಮಿಂದ ಕೇಳುವುದು ಮೂರು: ಸರಿಯಾದ ದರ್ಜೆ, ಸರಿಯಾದ ಮಟ್ಟ, ಸರಿಯಾದ ವಾಯಿದೆ. ಡಬ್ಬಿಯ ಮುಂಭಾಗದಲ್ಲಿ ಹೊಳೆಯುವ ಅಕ್ಷರ ಈ ಮೂರರಲ್ಲಿ ಯಾವುದನ್ನೂ ಹೇಳುವುದಿಲ್ಲ.

ಎದುರು ಪಕ್ಷದ ಬಲವಾದ ಮಾತನ್ನು ಮೊದಲೇ ಒಪ್ಪಿಬಿಡುತ್ತೇನೆ. ಸಿಂಥೆಟಿಕ್ ಒಳ್ಳೆಯ ಎಣ್ಣೆ. ಹೆಚ್ಚು ಬಿಸಿ ತಾಳುತ್ತದೆ, ಕಡಿಮೆ ಆವಿಯಾಗುತ್ತದೆ, ಬೇಗ ಜಿಡ್ಡುಗಟ್ಟುವುದಿಲ್ಲ, ಚಳಿಯಲ್ಲಿ ಚೆನ್ನಾಗಿ ಹರಿಯುತ್ತದೆ. ಅಮೆರಿಕದ ವಾಹನ ಮಾಲೀಕರ ಸಂಸ್ಥೆ ಎಎಎ 2017ರಲ್ಲಿ ಐದು ಸಿಂಥೆಟಿಕ್, ಐದು ಸಾದಾ ಎಣ್ಣೆಗಳನ್ನು ಎಂಟು ಬಗೆಯ ಲ್ಯಾಬ್ ಪರೀಕ್ಷೆಗೆ ಒಡ್ಡಿತು. ಸಿಂಥೆಟಿಕ್ ಸರಾಸರಿ ಶೇ 47ರಷ್ಟು ಮೇಲು ಎಂದು ಬಂತು. ಈ ಅಂಕಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಅಳೆದದ್ದು ಲ್ಯಾಬಿನಲ್ಲಿ ಎಣ್ಣೆಯ ಗುಣವನ್ನು. ರಸ್ತೆಯಲ್ಲಿ ಎಂಜಿನ್ನಿನ ಆಯುಷ್ಯವನ್ನಲ್ಲ.

ರಸ್ತೆಯ ಲೆಕ್ಕವೂ ಅಮೆರಿಕದಲ್ಲೇ ಸಿಗುತ್ತದೆ. ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ 1996ರಲ್ಲಿ ನ್ಯೂಯಾರ್ಕಿನ 75 ಟ್ಯಾಕ್ಸಿಗಳಿಗೆ ಬಿಚ್ಚಿ ಕಟ್ಟಿದ ಎಂಜಿನ್ ಕೂರಿಸಿ, ಬೇರೆ ಬೇರೆ ಎಣ್ಣೆ ಹಾಕಿ, 60,000 ಮೈಲಿ ಓಡಿಸಿತು. ಆಮೇಲೆ ಎಂಜಿನ್‌ಗಳನ್ನು ಬಿಚ್ಚಿ ಸವೆತ ಅಳೆದರೆ, ಎಣ್ಣೆಯಿಂದ ಎಣ್ಣೆಗೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಟ್ಯಾಕ್ಸಿ ಎಂಜಿನ್ ತಣ್ಣಗಾಗುವುದೇ ಕಡಿಮೆ, ಆದ್ದರಿಂದ ಕೊರೆಯುವ ಚಳಿಯಲ್ಲಿ ಸ್ಟಾರ್ಟ್ ಮಾಡುವ ಗಾಡಿಗೆ ಈ ಫಲ ಹೊಂದದಿರಬಹುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಮೈಸೂರಿನಿಂದ ಊಟಿಗೆ, ಊಟಿಯಿಂದ ಮೈಸೂರಿಗೆ ದಿನವಿಡೀ ಬಿಸಿಬಿಸಿಯಾಗಿ ಓಡುವ ನಮ್ಮ ಹಳದಿ ಬೋರ್ಡುಗಳಿಗೆ ಇದಕ್ಕಿಂತ ಹತ್ತಿರದ ಪರೀಕ್ಷೆ ಬೇಕೆ?

ಸಿಂಥೆಟಿಕ್ ಎಂಬ ಹೆಸರಾದರೂ ಗಟ್ಟಿಯೇ ಎಂದು ನೋಡಿದರೆ ಅದೂ ಅಲ್ಲ. ಎಂಜಿನ್ ಎಣ್ಣೆಗೆ ಬೇಕಾದ ಮೂಲ ಎಣ್ಣೆಯನ್ನು ಅಮೆರಿಕದ ಎಪಿಐ ಸಂಸ್ಥೆ ಐದು ಗುಂಪು ಮಾಡಿದೆ. ಒಂದು, ಎರಡು, ಮೂರನೆಯವು ಕಚ್ಚಾ ಎಣ್ಣೆಯಿಂದಲೇ ಬಂದವು. ಸಂಸ್ಕರಣೆ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚುತ್ತದೆ. ನಾಲ್ಕನೆಯದು ರಾಸಾಯನಿಕವಾಗಿ ಅಣು ಅಣು ಜೋಡಿಸಿದ ಪಿಎಒ. ಉಳಿದದ್ದೆಲ್ಲ ಐದನೆಯದು. ಮೊದಲು ಸಿಂಥೆಟಿಕ್ ಎಂದರೆ ನಾಲ್ಕನೆಯ, ಐದನೆಯ ಗುಂಪು ಎಂದೇ ತಿಳಿವಳಿಕೆ ಇತ್ತು. 1997ರ ಕೊನೆಗೆ ಕ್ಯಾಸ್ಟ್ರಾಲ್ ಅಮೆರಿಕದ ತನ್ನ ಸಿಂಥೆಟಿಕ್ ಡಬ್ಬಿಗೆ ಮೂರನೆಯ ಗುಂಪಿನ ಎಣ್ಣೆ ತುಂಬತೊಡಗಿತು. ಮೊಬಿಲ್ ಅಲ್ಲಿನ ಜಾಹೀರಾತು ಪಂಚಾಯ್ತಿಗೆ ದೂರು ಕೊಟ್ಟಿತು. 1999ರಲ್ಲಿ ತೀರ್ಪು ಕ್ಯಾಸ್ಟ್ರಾಲ್ ಕಡೆಗೆ ಆಯಿತು. ಅಂದಿನಿಂದ, ಚೆನ್ನಾಗಿ ಸಂಸ್ಕರಿಸಿದ ಕಚ್ಚಾ ಎಣ್ಣೆಗೂ ಸಿಂಥೆಟಿಕ್ ಎಂದು ಹೆಸರಿಡಬಹುದು. ಜರ್ಮನಿಯಲ್ಲಿ ಮಾತ್ರ ‘ಪೂರ್ಣ ಸಿಂಥೆಟಿಕ್’ ಎನ್ನಲು ಇಂದಿಗೂ ಬಿಗಿಯಾದ ಅರ್ಥವಿದೆ. ಹಾಗೆಂದು ಮೂರನೆಯ ಗುಂಪಿನ ಎಣ್ಣೆ ಕಳಪೆಯಲ್ಲ, ಬಹಳ ಒಳ್ಳೆಯದೇ. ಆದರೆ ಗುಂಡ್ಲುಪೇಟೆಯ ಅಂಗಡಿಯಲ್ಲಿ ನಾವು ‘ನೆಲದಿಂದ ಬಂದ ಎಣ್ಣೆ ಬೇಡ, ಲ್ಯಾಬಿನಲ್ಲಿ ಮಾಡಿದ್ದು ಕೊಡಿ’ ಎಂದು ದುಪ್ಪಟ್ಟು ಕೊಟ್ಟು ತರುವುದು ಬಹುಪಾಲು ಅದೇ ನೆಲದ ಎಣ್ಣೆಯನ್ನೇ. ಇನ್ನು ‘ಸೆಮಿ ಸಿಂಥೆಟಿಕ್’. ಅದರಲ್ಲಿ ಎಷ್ಟು ಪಾಲು ಸೆಮಿ ಎಂದು ಡಬ್ಬಿ ಬಾಯಿಬಿಡುವುದಿಲ್ಲ.

ತಮಾಷೆ ನೋಡಿ. ಒಗ್ಗರಣೆಗೆ ಗಾಣದ ಎಣ್ಣೆಯೇ ಬೇಕು, ರಿಫೈಂಡ್ ಎಂದರೆ ವಿಷ ಎನ್ನುವ ಮನೆಯಲ್ಲೇ ಗಾಡಿಗೆ ಎಷ್ಟು ರಿಫೈನ್ ಮಾಡಿದ್ದನ್ನು ತಂದರೂ ಸಾಲದು. ಎರಡು ಕಡೆಯೂ ಎಣ್ಣೆಯನ್ನು ಓದಿದವರಿಲ್ಲ; ಹೆಸರನ್ನು ಓದಿದವರೇ ಎಲ್ಲ.

ಡಬ್ಬಿಯಲ್ಲಿ ಓದಬೇಕಾದದ್ದು ಬೇರೆಯೇ ಇದೆ. 20ಡಬ್ಲ್ಯೂ-40, 5ಡಬ್ಲ್ಯೂ-30 ಎಂದು ಬರೆದಿರುತ್ತದಲ್ಲ, ಅದರಲ್ಲಿ ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. 20ಡಬ್ಲ್ಯೂ ಎಣ್ಣೆಯಲ್ಲಿ ತಣ್ಣಗಿನ ಎಂಜಿನ್ ತಿರುಗೀತೇ ಎಂದು ಪರೀಕ್ಷಿಸುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ. 15ಡಬ್ಲ್ಯೂ ಆದರೆ 20 ಡಿಗ್ರಿ ಕೆಳಗೆ, 5ಡಬ್ಲ್ಯೂ ಆದರೆ 30 ಡಿಗ್ರಿ ಕೆಳಗೆ. ನಮ್ಮಲ್ಲಿ ಧನುರ್ಮಾಸದ ನಸುಕಿನಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ನಡುಗುವ ಚಳಿಯೂ ಹತ್ತು ಡಿಗ್ರಿಗಿಂತ ಮೇಲೇ ಇರುತ್ತದೆ. ಊಟಿಯಲ್ಲಿ ಹುಲ್ಲಿನ ಮೇಲೆ ಹಿಮ ಬೆಳ್ಳಗೆ ಕೂರುವ ಜನವರಿಯ ಬೆಳಗೂ ಸೊನ್ನೆಯ ಆಸುಪಾಸು. ಸಿಂಥೆಟಿಕ್ಕಿನ ಅತಿ ದೊಡ್ಡ ಹೆಚ್ಚುಗಾರಿಕೆ ಕಾಣಿಸಿಕೊಳ್ಳುವ ಹವೆಯೇ ನಮ್ಮ ಜಿಲ್ಲೆಗೆ ಬರುವುದಿಲ್ಲ. ಸ್ವೆಟರಿನ ಉಣ್ಣೆ ಎಷ್ಟೇ ಅಪ್ಪಟವಿರಲಿ, ಕೊಳ್ಳೇಗಾಲದ ಏಪ್ರಿಲ್ಲಿಗೆ ಅದೇಕೆ?

ಹಾಗಾದರೆ ಇಲ್ಲಿ ಎಂಜಿನ್ ಹಾಳಾಗುವುದು ಯಾವುದರಿಂದ? ಮೊದಲನೆಯದು ಮಟ್ಟ. ಇದಕ್ಕೆ ನಾನೇ ತೆರ ತೆತ್ತಿದ್ದೇನೆ. ವರ್ಷಗಳ ಹಿಂದೆ ನಮ್ಮ ಮನೆಯಲ್ಲಿದ್ದ ಡೀಸೆಲ್ ಗಾಡಿಗೆ ಫುಲ್ ಸಿಂಥೆಟಿಕ್ ಹಾಕಿಸಿ, ಈ ಹುಡುಗನ ಹಾಗೆಯೇ ಮರೆತೆ. ಸಂಪಿನ ಗ್ಯಾಸ್ಕೆಟ್ ಹನಿ ಹನಿಯಾಗಿ ಸೋರುತ್ತಿತ್ತು. ನೆಲದ ಮೇಲೆ ಕಲೆ ಕಂಡರೂ ಪಕ್ಕದ ಗಾಡಿಯದಿರಬೇಕು ಎಂದುಕೊಂಡೆ. ಸತ್ಯಮಂಗಲಕ್ಕೆ ಹೋಗಿ ಬರುವಾಗ ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಹತ್ತಿ ಹಾಸನೂರು ದಾಟುವಷ್ಟರಲ್ಲಿ ಎಂಜಿನ್ ಕಟಕಟ ಎಂದು ಸೀಜ್ ಆಯಿತು. ಬಿಚ್ಚಿದ ಮೇಸ್ತ್ರಿ ಬೇರಿಂಗ್ ಚಿಪ್ಪನ್ನು ಅಂಗೈಯಲ್ಲಿಟ್ಟು ತೋರಿಸಿದ. ಬೆಳ್ಳಿ ಬಣ್ಣಕ್ಕಿರಬೇಕಾದದ್ದು ಸವೆದು ತಾಮ್ರದ ಬಣ್ಣ ಕಾಣುತ್ತಿತ್ತು. ಎಣ್ಣೆ ಒಳ್ಳೆಯದೇ ಇತ್ತು; ಇರಬೇಕಾದ ಜಾಗದಲ್ಲಿ ಇರಲಿಲ್ಲ. ಘಾಟಿಯ ಏರಿನಲ್ಲಿ ಗಾಡಿ ವಾಲುತ್ತದೆ, ತಿರುವಿನಲ್ಲಿ ಸಂಪಿನ ಎಣ್ಣೆ ಒಂದು ಬದಿಗೆ ಹೊರಳುತ್ತದೆ. ಮಟ್ಟ ಇಳಿದಿದ್ದರೆ ಪಂಪಿನ ಬಾಯಿ ಎಣ್ಣೆಯ ಬದಲು ಗಾಳಿ ಹೀರುತ್ತದೆ. ಬಯಲು ಸೀಮೆಯಲ್ಲಿ ತಡೆಯುವ ಒಂದು ಲೀಟರ್ ಕೊರತೆ ಘಾಟಿಯಲ್ಲಿ ತಡೆಯದು. ನಮ್ಮ ಜಿಲ್ಲೆಯ ಮೂರು ದಿಕ್ಕಿಗೂ ಘಾಟಿಗಳಿವೆ. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಬೀಳುತ್ತದೆಂದು 2009ರಿಂದ ಎಲ್ಲರೂ ಗಡಿಯಾರ ನೋಡಿಕೊಂಡೇ ಓಡಿಸುತ್ತೇವೆ. ಅದರಲ್ಲಿ ಒಂದು ನಿಮಿಷ ತೆಗೆದು ಗೇಜ್ ಕಡ್ಡಿ ನೋಡುವವರು ಎಷ್ಟು ಮಂದಿ?

ಎರಡನೆಯದು ದೂಳು. ಚಾಮರಾಜನಗರದ ಕರಿಕಲ್ಲು ದೇಶ ವಿದೇಶ ಸುತ್ತಿ ಹೆಸರು ಮಾಡಿದೆ. ಅದರ ಪುಡಿ ಮಾತ್ರ ನಮ್ಮಲ್ಲೇ ಉಳಿದಿದೆ. ಕ್ವಾರಿಯ ಟಿಪ್ಪರ್ ಹಿಂದೆ ಹತ್ತು ಮೈಲಿ ಹೋದ ಗಾಡಿಯ ಏರ್ ಫಿಲ್ಟರ್ ತೆಗೆದು ಬಡಿದು ನೋಡಿ, ಬೂದಿ ಜರಡಿ ಹಿಡಿದಂತೆ ಉದುರುತ್ತದೆ. ಹರಿದ ಫಿಲ್ಟರ್ ದಾಟಿದ ಕಲ್ಲಿನ ಪುಡಿ ಪಿಸ್ಟನ್ ರಿಂಗಿಗೂ ಬೋರಿಗೂ ನಡುವೆ ಎಮರಿ ಪೇಪರ್ ಉಜ್ಜಿದ ಹಾಗೆ ಉಜ್ಜುತ್ತದೆ. ಅದನ್ನು ತಡೆಯುವ ಸಿಂಥೆಟಿಕ್ ಇನ್ನೂ ಹುಟ್ಟಿಲ್ಲ. ನಾಲ್ಕುನೂರು ರೂಪಾಯಿ ಹೆಚ್ಚು ಕೊಟ್ಟು ಎಣ್ಣೆ ತರುವವರು ಅಷ್ಟೇ ದುಡ್ಡಿನ ಏರ್ ಫಿಲ್ಟರನ್ನು “ಗಾಳಿ ಹೊಡೆದು ಹಾಕಪ್ಪ, ನಡೀತದೆ” ಎನ್ನುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ.

ಮೂರನೆಯದು ವಾಯಿದೆ. ನಮ್ಮೂರ ಬಿಳಿ ಬೋರ್ಡಿನ ಕಾರುಗಳಲ್ಲಿ ಅನೇಕವು ಮನೆಯಿಂದ ಚಾಮರಾಜೇಶ್ವರನ ಗುಡಿ, ಗುಡಿಯಿಂದ ಮನೆ, ಅಷ್ಟೇ ಓಡುವುದು. ಎರಡು ಕಿಲೋಮೀಟರಿಗೆ ಎಂಜಿನ್ ಕಾಯುವುದೇ ಇಲ್ಲ. ಒಳಗೆ ಕಟ್ಟಿದ ನೀರಿನ ಪಸೆ, ಸುಡದೆ ಉಳಿದ ಪೆಟ್ರೋಲು ಎಣ್ಣೆಗೆ ಬೆರೆಯುತ್ತಲೇ ಹೋಗುತ್ತವೆ. ಎಣ್ಣೆ ಹಾಕುವ ಮುಚ್ಚಳ ತಿರುಗಿಸಿ ಒಳಬದಿ ನೋಡಿದರೆ ಮಜ್ಜಿಗೆಹುಳಿ ಬಣ್ಣದ ನೊರೆ ಮೆತ್ತಿರುತ್ತದೆ. “ಮೂರು ಸಾವಿರವೂ ಓಡಿಲ್ಲ, ಅದೂ ಸಿಂಥೆಟಿಕ್ಕು, ಇನ್ನೊಂದು ವರ್ಷ ಬರುತ್ತದೆ” ಎನ್ನುವುದು ಇಂಥವರೇ. ಕಂಪನಿಯ ಪುಸ್ತಕದಲ್ಲಿ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು ಎಂದು ಬರೆದಿರುವುದರಲ್ಲಿ ‘ಯಾವುದು ಮೊದಲೋ’ ಎಂಬ ಭಾಗವನ್ನು ಯಾರೂ ಓದುವುದಿಲ್ಲ. ಎಣ್ಣೆಯೊಳಗೆ ಕೊಳೆ ತೊಳೆಯಲು, ಆಮ್ಲ ತಡೆಯಲು, ಸವೆತ ತಪ್ಪಿಸಲು ಬೆರೆಸಿದ ಔಷಧಗಳಿರುತ್ತವೆ. ಮೂಲ ಎಣ್ಣೆ ಯಾವ ಗುಂಪಿನದೇ ಇರಲಿ, ಅವು ಕರಗಿ ಹೋಗಿಯೇ ಹೋಗುತ್ತವೆ.

ಇಷ್ಟು ಹೇಳಿದರೂ ಒಂದು ಉತ್ತರ ತಪ್ಪುವುದಿಲ್ಲ: “ನಾನು ಸಿಂಥೆಟಿಕ್ ಹಾಕ್ಸಿ ಎರಡು ಲಕ್ಷ ಕಿಲೋಮೀಟರ್ ಓಡ್ಸಿದ್ದೀನಿ ಸಾ, ಏನೂ ಆಗಿಲ್ಲ.” ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಗಂಟು ಹಾಕುವ ಈ ತರ್ಕದ ಬೆಲೆ ಏನೆಂದು ನಾಡಿನಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ಚಾಮರಾಜನಗರದವರಿಗೆ ಗೊತ್ತಿರಬೇಕು. ಈ ಊರಿಗೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತು ದಶಕಗಳ ಕಾಲ ನಮ್ಮ ಊರನ್ನು ಕಾಡಿತು. ಬಂದರು, ಆಮೇಲೆ ಕುರ್ಚಿ ಹೋಯಿತು. ಆದ್ದರಿಂದ ಬಂದದ್ದೇ ಕಾರಣ! 1997ರಲ್ಲಿ ಜಿಲ್ಲೆಯಾದಾಗ ಜೆ.ಎಚ್. ಪಟೇಲರು ಅದನ್ನು ಉದ್ಘಾಟಿಸಿದ್ದು ಊರಿಗೆ ಬಂದಲ್ಲ, ಮಲೆಮಹದೇಶ್ವರ ಬೆಟ್ಟದಿಂದ. ಸಿದ್ದರಾಮಯ್ಯನವರು 2013ರಿಂದ ಮತ್ತೆ ಮತ್ತೆ ಇಲ್ಲಿಗೆ ಬಂದು, ಐದು ವರ್ಷವನ್ನೂ ಪೂರೈಸಿ, 2023ರಲ್ಲಿ ಮತ್ತೆ ಅದೇ ಕುರ್ಚಿಯಲ್ಲಿ ಕೂತ ಮೇಲೆ ಆ ಶಾಪದ ಹವಾ ಇಳಿಯಿತು. ‘ಆದ ಮೇಲೆ ಆಯಿತು’ ಎಂಬುದು ‘ಆದ್ದರಿಂದ ಆಯಿತು’ ಅಲ್ಲ ಎಂದು ಕಲಿಯಲು ನಾವು ಒಂದು ತಲೆಮಾರಿನಷ್ಟು ತೆರ ತೆತ್ತಿದ್ದೇವೆ. ಆ ಪಾಠವನ್ನು ಗ್ಯಾರೇಜಿನ ಬಾಗಿಲಲ್ಲಿ ಮರೆಯುವುದೇ? ನಿಮ್ಮ ಗಾಡಿ ಎರಡು ಲಕ್ಷ ಓಡಿದ್ದು ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸಿದ್ದರಿಂದ ಇರಬಹುದು. ನ್ಯೂಯಾರ್ಕಿನ ಟ್ಯಾಕ್ಸಿಗಳ ಸಾಕ್ಷಿಯಂತೂ ಎಣ್ಣೆಯ ಹೆಸರಿನ ಕಡೆಗಿಲ್ಲ.

ನಾರ್ಮಲ್ ಪಕ್ಷದ ಹಳೇ ಹುಲಿಗಳು ಇಲ್ಲಿ ಮೀಸೆ ತಿರುವುವುದು ಬೇಡ. ಅವರ ಮೂಢನಂಬಿಕೆಗಳೂ ಕಡಿಮೆಯಿಲ್ಲ. “ನಮ್ಮ ಬಿಸಿಲಿಗೆ ದಪ್ಪ ಎಣ್ಣೆಯೇ ಸೈ” ಎಂದು 0ಡಬ್ಲ್ಯೂ-20 ಕೇಳುವ ಹೊಸ ಕಾರಿಗೆ 20ಡಬ್ಲ್ಯೂ-40 ಸುರಿಯುವವರಿದ್ದಾರೆ. ಅಂಥ ಎಂಜಿನ್ನಿನ ಸಂದುಗಳನ್ನು ತೆಳು ಎಣ್ಣೆಗೆಂದೇ ಅಳೆದು ಮಾಡಿರುತ್ತಾರೆ. “ಸಿಂಥೆಟಿಕ್ ಹಾಕಿದರೆ ಹಳೇ ಸೀಲು ಸೋರುತ್ತದೆ” ಎಂಬುದು 1970ರ ದಶಕದ ಮೊದಲ ಸಿಂಥೆಟಿಕ್‌ಗಳ ಕಾಲದ ಮಾತು. ಎಣ್ಣೆ ಬದಲಾಯಿತು, ಮಾತು ಉಳಿಯಿತು. “ಎರಡೂ ಬೆರೆತರೆ ಮೊಸರಾಗುತ್ತದೆ” ಎಂಬುದೂ ಸುಳ್ಳು. ಎಪಿಐ ಗುರುತಿನ ಎಣ್ಣೆಗಳು ಒಂದರೊಡನೊಂದು ಬೆರೆಯಲೇಬೇಕೆಂಬ ನಿಯಮವಿದೆ. “ಕಪ್ಪಾಯಿತು, ಕೆಟ್ಟಿತು” ಎಂಬುದಂತೂ ತಲೆಕೆಳಗಾದ ತರ್ಕ. ಡೀಸೆಲ್ ಎಂಜಿನ್ನಿನಲ್ಲಿ ಎಣ್ಣೆ ಬೇಗ ಕಪ್ಪಾದರೆ ಅದು ಮಸಿಯನ್ನು ತನ್ನ ಮೈಮೇಲೆ ಹೊತ್ತು ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಸಿಂಥೆಟಿಕ್ ಬೇಕೇ ಬೇಕಾದ ಗಾಡಿಗಳಿವೆ. ಟರ್ಬೊ ಇರುವ ಹೊಸ ಪೆಟ್ರೋಲ್ ಎಂಜಿನ್‌ಗಳು, 0ಡಬ್ಲ್ಯೂ ದರ್ಜೆ ಕೇಳುವ ಸಣ್ಣ ಕಾರುಗಳು ಆ ಪಟ್ಟಿಯಲ್ಲಿ ಬರುತ್ತವೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್‌ಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುತ್ತದೆ. ಅದಕ್ಕೆ ಬೂದಿ ಕಡಿಮೆ ಬಿಡುವ ಎಣ್ಣೆಯೇ ಆಗಬೇಕು. ಇಲ್ಲಿ ಬಲೆ ನೋಡಿ: ಡಬ್ಬಿಯ ಮೇಲೆ ‘ಫುಲ್ ಸಿಂಥೆಟಿಕ್’ ಎಂದಿದ್ದು, ಬೂದಿ ಹೆಚ್ಚು ಬಿಡುವ ದರ್ಜೆಯಾಗಿದ್ದರೆ, ಆ ದುಬಾರಿ ಎಣ್ಣೆಯೇ ಡಿಪಿಎಫ್ ಕಟ್ಟಿಸುತ್ತದೆ. ಅಲ್ಲಿಯೂ ಗಾಡಿಯನ್ನು ಕಾಯುವುದು ಸಣ್ಣ ಅಕ್ಷರದ ಎಪಿಐ ಎಸ್‌ಪಿ, ಎಸಿಇಎ ಸಿ3 ಎಂಬಂಥ ಗುರುತು. ಅದನ್ನು ಬರೆದಿರುವುದು ಡಬ್ಬಿಯ ಹಿಂಬದಿಯಲ್ಲಿ. ನಾವು ತಿರುಗಿಸಿ ನೋಡುವುದಿಲ್ಲ.

ಮೇಸ್ತ್ರಿಗಳನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ನಾರ್ಮಲ್ ಹಾಕಿದ ಗಾಡಿ ಆರು ತಿಂಗಳಿಗೆ ಹೊಗೆ ಬಿಟ್ಟರೆ “ಏನ್ ಎಣ್ಣೆ ಹಾಕ್ದೆಯಪ್ಪಾ” ಎಂದು ಅವನ ಕೊರಳಪಟ್ಟಿ ಹಿಡಿಯುವವರು ನಾವೇ. ಸಿಂಥೆಟಿಕ್ ಹಾಕಿದ್ದರೆ ಅವನು ಬಚಾವ್. ದುಬಾರಿ ಎಣ್ಣೆ ಎಂಜಿನ್ನಿಗಿಂತ ಹೆಚ್ಚಾಗಿ ಮೇಸ್ತ್ರಿಯ ಮರ್ಯಾದೆಯನ್ನು ಕಾಯುತ್ತಿದೆ. ಬೆಲೆ ಹೆಚ್ಚಿದಷ್ಟೂ ನಕಲಿ ಮಾಡುವವನ ಲಾಭವೂ ಹೆಚ್ಚು. ಗುಜರಿಯವರು ಖಾಲಿ ಡಬ್ಬಿಗೆ ದುಡ್ಡು ಕೊಡುತ್ತಾರೆ ಎಂದರೆ ಆ ಡಬ್ಬಿ ಎಲ್ಲಿಗೆ ಹೋದೀತು ಎಂದು ಯೋಚಿಸಿ, ಹೊರಡುವ ಮುನ್ನ ಅದಕ್ಕೊಂದು ಮೊಳೆ ಹೊಡೆದು ಬನ್ನಿ.

ಸಿಂಥೆಟಿಕ್‌ನ ನಿಜವಾದ ಉಳಿತಾಯ ಇರುವುದು ಹೆಚ್ಚು ದೂರ ಬಾಳಿಕೆ ಬರುವುದರಲ್ಲಿ. ನಮ್ಮವರು ಅದನ್ನೂ ಕೆಡಿಸುತ್ತಾರೆ. ಪುಸ್ತಕ 10,000 ಕಿಲೋಮೀಟರ್ ಎಂದರೂ “ಸೇಫ್ಟಿಗೆ ಇರಲಿ” ಎಂದು 5,000ಕ್ಕೇ ಇಳಿಸುತ್ತಾರೆ. ದುಪ್ಪಟ್ಟು ಬೆಲೆ, ದುಪ್ಪಟ್ಟು ಸಲ. ಇಳಿಸಿದ ಎಣ್ಣೆ ಎಲ್ಲಿಗೆ? ಬೇಲಿ ಗೂಟಕ್ಕೆ ಗೆದ್ದಲು ಬರದಂತೆ ಬಳಿಯಲು, ಸೆಂಟ್ರಿಂಗ್ ಹಲಗೆಗೆ ಸವರಲು, ಉಳಿದದ್ದು ಚರಂಡಿಗೆ. ಕೇಂದ್ರದ 2016ರ ನಿಯಮದಲ್ಲಿ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್‌ನಿಂದ ಅದನ್ನು ಮರಳಿ ಸಂಸ್ಕರಿಸುವ ಹೊಣೆ ತಯಾರಕರ ಮೇಲೂ ಬಿದ್ದಿದೆ. ಚರಂಡಿಗೆ ಬಿದ್ದದ್ದು ಮಳೆಗೆ ಗುಂಡ್ಲು ಹೊಳೆ ಸೇರುತ್ತದೆ; ಗುಂಡ್ಲು ಹೊಳೆ ನಂಜನಗೂಡಿನಲ್ಲಿ ಕಪಿಲೆಯನ್ನು ಸೇರುತ್ತದೆ. ನಾವು ಅಲ್ಲೇ ಮಿಂದು ನಂಜುಂಡನಿಗೆ ಕೈಮುಗಿಯುತ್ತೇವೆ.

ನಮ್ಮ ತಾತನ ಗಾಡಿಗೆ ಎಂಜಿನ್ ಇರಲಿಲ್ಲ, ಅಚ್ಚು ಇತ್ತು. ತೆರಕಣಾಂಬಿಯ ಸಂತೆಗೆ ಹೊರಡುವ ದಿನ ಕೋಳಿ ಕೂಗುವ ಮೊದಲೇ ಎದ್ದು, ಸುಟ್ಟ ಹುಲ್ಲಿನ ಬೂದಿ ಕಲೆಸಿದ ಹರಳೆಣ್ಣೆಯನ್ನು ಕೀಲಿಗೆ ಸವರುತ್ತಿದ್ದ. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೂ ಅದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ ಎಂದು ಅವನಿಗೆ ತಿಳಿದಿರಲಿಲ್ಲ. ಕೀಲೆಣ್ಣೆಗೆ ಹರಳೋ ಹೊಂಗೆಯೋ ಎಂದು ಅವನು ವಾದ ಮಾಡಿದ್ದನ್ನು ನಾನು ಕೇಳಿಲ್ಲ. ಕೀಲಿಗೆ ಬೆರಳಿಟ್ಟು ಪಸೆ ಇದೆಯೋ ಇಲ್ಲವೋ ನೋಡದೆ ಎತ್ತು ಹೂಡಿದ್ದನ್ನೂ ನೋಡಿಲ್ಲ.

ಅಂದು ಗ್ಯಾರೇಜಿನಲ್ಲಿ ಆ ಹುಡುಗ ಒಂದು ಲೀಟರ್ ಸುರಿಸಿಕೊಂಡು, ಸಾಲದೆ ಇನ್ನೂ ಅರ್ಧ ಹಾಕಿಸಿಕೊಂಡ. ಯಾವ ಎಣ್ಣೆ ಎಂದು ಈ ಸಲ ಮೇಸ್ತ್ರಿ ಕೇಳಲಿಲ್ಲ. ಡ್ಯಾಶ್‌ಬೋರ್ಡಿನ ಡ್ರಾ ಎಳೆದು, ಆಯುಧಪೂಜೆಯ ಕುಂಕುಮ ಅಂಟಿದ, ಪ್ಲಾಸ್ಟಿಕ್ ಕವರ್ ಬಿಚ್ಚದ ಪುಸ್ತಕ ತೆಗೆದು ಪುಟ ತಿರುವಿದ. ದರ್ಜೆ ಅಲ್ಲಿತ್ತು. ಗಾಡಿ ಕೊಂಡ ದಿನದಿಂದ ಅಲ್ಲೇ ಇತ್ತು.